ಆಟಿಯ ತಾರೀಖು

ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಅಪರಿಚಿತರು ಯಾರಾದರೂ "ಇವತ್ತು ಡೇಟ್ ಎಷ್ಟು?" ಎಂದು ಕೇಳಿದರೆ ನಾನು ಈಗಲೂ ಮುಂದೆ ನಿಂತವರ ಬೆನ್ನ ಹಿಂದೆ ಅಡಗಲು ನೋಡುತ್ತೇನೆ. ಕೇಳಿದವರು ಪಾಪ, ನಿರಪರಾಧಿಗಳು. ಹಾವು, ಸಿಡಿಲು, ಹಲ್ಲಿನ ಡಾಕ್ಟರು ಇತ್ಯಾದಿ ಸರ್ವಮಾನ್ಯ ಭಯಗಳ ಜೊತೆಗೆ ಈ ಖಾಸಗಿ ಭಯವೊಂದನ್ನು ಮೂಡಬಿದಿರೆಯ ಬಳಿಯ ಶಾಲೆಯಿಂದ ಹೊತ್ತು ತಂದವಳು ನಾನು.

ಆಗ ನಮ್ಮದಿನ್ನೂ ಮದ್ರಾಸು ಸರಕಾರ. ಇಂಗ್ಲಿಷ್ ಕಲಿಸುತ್ತಿದ್ದ ವಾಮನ ಮಾಸ್ತರು ರಟ್ಟಿನ ಗಡಿಯಾರ ಹಿಡಿದು, ಬಲಗಡೆ 'ಪಾಸ್ಟ್', ಎಡಗಡೆ 'ಟು' ಎಂದು ಮುಳ್ಳು ತಿರುಗಿಸುವಾಗ, ಅದು ನನ್ನತ್ತಲೇ ಬಂದು ನಿಲ್ಲುವುದೆಂಬ ಖಾತ್ರಿಯಿಂದ ನಾನು ಮುಂದಿನವಳ ಜಡೆಯ ಹಿಂದೆ ಅಡಗುತ್ತಿದ್ದೆ. ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಬೆಳ್ತಂಗಡಿಯ ಬಸ್ಸು ಹೋದರೆ ಶಾಲೆಗೆ ಹೊರಡುವ ಹೊತ್ತು. ತಾರೀಖುಗಳ ಸಮಸ್ತ ಆಡಳಿತ ಅಜ್ಜಿಯದು. ಸಂಕ್ರಮಣದ ಮರುದಿನದಿಂದ ತುಳು ತಿಂಗಳನ್ನು ಎಣಿಸುತ್ತ, ಅಂದಿನ ಲೆಕ್ಕವನ್ನು ಬೆಳಿಗ್ಗೆ ಒಲೆಯ ಮುಂದೆ ಘೋಷಿಸುತ್ತಿದ್ದರು.

ಇನ್‌ಸ್ಪೆಕ್ಟರು ಬರುತ್ತಾರೆಂಬ ಸುದ್ದಿ ಬಂದದ್ದು ಮಳೆಗಾಲದ ಆಟಿಯಲ್ಲಿ, ಶುಭಕಾರ್ಯವೊಂದನ್ನೂ ಮಾಡದ ತಿಂಗಳಲ್ಲಿ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಎಂತಕ್ಕೆ? ಇನ್‌ಸ್ಪೆಕ್ಟರ ಎದುರು ಮರ್ಯಾದೆ ಹೋದರೆ ಶಾಲೆ ಬಿಡಿಸ್ತೇನೆ." ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಬಂದವರು ತಂಜಾವೂರಿನ ಕಡೆಯವರು. ಎತ್ತರದ ಆಳು, ಒದ್ದೆ ಕೋಟು. ನೇರ ನನ್ನ ಬಳಿಗೇ ಬಂದು ಕೈಗಡಿಯಾರ ತೋರಿಸಿ ಸಮಯ ಕೇಳಿದರು.

"ಹಾಫ್ ಪಾಸ್ಟ್ ಟೆನ್, ಸರ್."

ಬದುಕಿದೆ ಎಂದುಕೊಳ್ಳುವಷ್ಟರಲ್ಲಿ, "ಅಂಡ್ ದ ಡೇಟ್?"

ತಲೆಯೊಳಗಿನ ಹಲಗೆ ಪೂರ್ತಿ ಅಳಿಸಿಹೋಯಿತು. ಉಳಿದದ್ದು ಅಜ್ಜಿಯ ಬೆಳಗಿನ ಘೋಷಣೆಯೊಂದೇ. ಅದನ್ನೇ ಶುದ್ಧ ಇಂಗ್ಲಿಷಿಗೆ ತಂದು ಒಪ್ಪಿಸಿದೆ: "ಸೆವೆಂಟೀಂತ್ ಆಫ್ ಆಟಿ, ಸರ್."

ಮಾಸ್ತರ ಮುಖ ಬಿಳಿಚಿತು. ನನ್ನ ವಿದ್ಯಾಭ್ಯಾಸ ಅಲ್ಲಿಗೆ ಸಮಾಪ್ತವಾಯಿತೆಂದು ತಿಳಿದು ನಾನು ಕಣ್ಣು ಮುಚ್ಚಿದೆ.

"ಆಟಿಯಾ?" ಇನ್‌ಸ್ಪೆಕ್ಟರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು. "ನಮಗೆ ಆಡಿ." ಬೆರಳ ಗಣ್ಣು ಎಣಿಸಿದರು. "ಹದಿನೇಳು ಅಲ್ಲ ಮಗು, ನಮಗೆ ಸಂಕ್ರಮಣದ ದಿನದಿಂದಲೇ ಲೆಕ್ಕ, ಹದಿನೆಂಟು. ಇವತ್ತು ಕಾವೇರಿಗೆ ಹಬ್ಬ. ಊರಲ್ಲಿ ನಮ್ಮ ಅಮ್ಮ ಚಿತ್ರಾನ್ನ ಕಟ್ಟಿಕೊಂಡು ಹೊಳೆಗೆ ಹೋಗಿರ್ತಾರೆ. ನಾನು ಮರೆತೇ ಬಿಟ್ಟೆ."

ಆಮೇಲೆ ಕಿಟಕಿಯ ಬಳಿ ಹೋಗಿ ಬಹಳ ಹೊತ್ತು ಮಳೆ ನೋಡುತ್ತ ನಿಂತರು. ಇಷ್ಟು ದೊಡ್ಡ ಮನುಷ್ಯರಿಗೂ ಮನೆಯ ನೆನಪಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ತಿರುಗಿದಾಗ ಅವರ ದನಿ ತಗ್ಗಿತ್ತು. "ಸೆಕೆಂಡ್ ಆಫ್ ಆಗಸ್ಟ್ ಅಂತ ಕಲಿ. ಆ ಇನ್ನೊಂದನ್ನು ಬಿಡಬೇಡ."

ಹೋಗುವಾಗ ಅವರು ನನ್ನ ಬೆನ್ನು ತಟ್ಟಿದ ವಿಷಯ ಮಾಸ್ತರ ಬಾಯಿಂದ ಅಪ್ಪನಿಗೆ ತಲುಪಿತು. ಶಾಲೆ ಉಳಿಯಿತು. ಮುಂದೆ ನಾನೇ ಇಂಗ್ಲಿಷ್ ಟೀಚರಾಗಿ, ರಟ್ಟಿನ ಗಡಿಯಾರ ಹಿಡಿದು, ಎಷ್ಟೋ ಪುಟ್ಟ ತಲೆಗಳನ್ನು ಮುಂದಿನವರ ಜಡೆಯ ಹಿಂದೆ ಅಡಗಿಸಿದೆ.

ಮೊನ್ನೆ ಬಿ.ಸಿ.ರೋಡಿನಲ್ಲಿ ಹುಡುಗಿಯೊಬ್ಬಳು ಡೇಟ್ ಕೇಳಿದಳು. ಧೈರ್ಯವಾಗಿ ಹೇಳಿದೆ. ಆಮೇಲೆ ಸುಮ್ಮನೆ, ಆಟಿ ಎಷ್ಟಾಯಿತೆಂದು ಎಣಿಸಹೊರಟರೆ ಲೆಕ್ಕ ಸಿಗಲಿಲ್ಲ. ಸಂಕ್ರಮಣ ಯಾವಾಗ ದಾಟಿತೋ ತಿಳಿಯದು. ಪಕ್ಕದ ಹೂವಿನವಳನ್ನು ಕೇಳಿದೆ.

"ಗೊತ್ತಿಲ್ಲ ಅಕ್ಕ. ಮನೆಯಲ್ಲಿ ಅತ್ತೆ ಇದ್ದಾಗ ಹೇಳ್ತಿದ್ರು."

ಬೆರಳ ಗಣ್ಣಿನ ಮೇಲೆ ಹೆಬ್ಬೆರಳಿಟ್ಟು ಮಳೆ ನೋಡುತ್ತ ನಿಂತೆ. ನನ್ನ ಬಸ್ಸು ಬಂದು ಹೋಯಿತು.