ಮೆಣಸಿನ ಸಾರು ಮತ್ತು ಶ್ರೀಧರನ ಗಂಟಲು

ಪರದೇಶಕ್ಕೆ ಬಂದರೂ ನಮ್ಮ ಕನ್ನಡದವರ ಮನೆಗಳಲ್ಲಿ ಗಂಟಲಿಗೆ ಏನೇ ಆಗಲಿ, ಔಷಧ ಒಂದೇ. ಮೆಣಸಿನ ಸಾರು. ಶೀತವೋ, ಕೆಮ್ಮೋ, ಮಕ್ಕಳ ಮೇಲೆ ಕೂಗಾಡಿ ದನಿ ಬಿದ್ದುಹೋಗಿದೆಯೋ, ವಿಚಾರಣೆಯೇ ಇಲ್ಲ. ಕುಟ್ಟು ಮೆಣಸು, ಹಾಕು ಒಗ್ಗರಣೆ.

ಹಾಗಾಗಿ ಕಳೆದ ಶನಿವಾರ ನಾನೂ ಫ್ಲಾಸ್ಕ್ ತಬ್ಬಿಕೊಂಡು ಕಲ್ಲಾಂಗ್‌ನಿಂದ ಬಿಶಾನ್‌ಗೆ ಹೊರಟೆ. (ಇಲ್ಲಿನ ಎಂಆರ್‌ಟಿ ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಇಂಗಿನ ಘಮ ಬಿಡುವಂತಿಲ್ಲ ಎಂದು ಮಾತ್ರ ಎಲ್ಲೂ ಬರೆದಿಲ್ಲ!)

ಬಿಶಾನ್‌ನಲ್ಲಿರುವುದು ಶ್ರೀಧರ. ಮೈಸೂರಿನ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಶೇವ್ ಮಾಡುವಾಗ ಕತ್ತಿನಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಟೆಸ್ಟ್ ಮಾಡಿಸಿದರೆ ಕ್ಯಾನ್ಸರ್. ಆದರೆ ಅದು ಶುರುವಾದ ಜಾಗ ಎಷ್ಟು ಸ್ಕ್ಯಾನ್ ಮಾಡಿದರೂ ಸಿಗಲಿಲ್ಲ. ಟಾನ್ಸಿಲ್ಲೋ, ನಾಲಿಗೆಯ ಬುಡವೋ? ಕೆಲವರಲ್ಲಿ ಹೀಗೂ ಆಗುತ್ತದೆ ಎಂದರಂತೆ ಡಾಕ್ಟರು. ಆದ್ದರಿಂದ ಕತ್ತಿನ ಜೊತೆಗೆ, ಅನುಮಾನ ಇರುವ ಜಾಗಗಳಿಗೂ ರೇಡಿಯೇಷನ್.

ಸ್ಕ್ಯಾನಿಗೆ ಸಿಗದೆ ಹೋದದ್ದನ್ನು ನಮ್ಮವರು ಬಿಡುತ್ತಾರೆಯೇ? ಬಂದು ಸೋಫಾದ ಮೇಲೆ ಕೂತಲ್ಲೇ ಕಾರಣ ಕಂಡುಹಿಡಿದರು. ಒಬ್ಬರು ಮೊಬೈಲ್ ಅಂದರು. ಇನ್ನೊಬ್ಬರು ಹಾಕರ್ ಸೆಂಟರಿನಲ್ಲಿ ಊಟ ಕಟ್ಟಿಕೊಡುವ ಪ್ಲಾಸ್ಟಿಕ್ ಡಬ್ಬಿ ಅಂದರು. "ಸ್ಮೋಕ್ ಮಾಡಲ್ಲ, ಡ್ರಿಂಕ್ ಮಾಡಲ್ಲ, ಮತ್ತೆ ಹೆಂಗ್ರೀ ಬಂತು?" ಎಂದು ಮತ್ತೊಬ್ಬರು ಪೊಲೀಸರ ಹಾಗೆ ಕೇಳಿದರಂತೆ. ನೋವಿನಲ್ಲಿರುವ ಮನುಷ್ಯ ತಾನು ನಿರಪರಾಧಿ ಎಂದು ಸಾಕ್ಷಿ ಬೇರೆ ತರಬೇಕೆ? ಕೇಳಿ ನನಗೆ ಮೈ ಉರಿಯಿತು.

ನಾನೇನೋ ಮಹಾ ತಿಳಿದವಳ ಹಾಗೆ ಫ್ಲಾಸ್ಕ್ ಮುಂದೆ ಹಿಡಿದೆ. ಶ್ರೀಧರನ ಹೆಂಡತಿ ಮಾಲಿನಿ ಮುಚ್ಚಳ ತೆಗೆದು ಮೂಸಿದಳು. ಹೋಗಿ ಫ್ರಿಜ್ ಬಾಗಿಲು ತೆಗೆದಳು. ಒಳಗೆಲ್ಲ ಡಬ್ಬಿಗಳು.

"ಎಲ್ಲಾ ಮೆಣಸಿನ ಸಾರೇ ಕಣೇ. ನಮ್ಮ ವಾಟ್ಸಾಪ್ ಗ್ರೂಪಿನೋರು ಒಬ್ರಾದ್ಮೇಲೆ ಒಬ್ರು ತಂದ್ಕೊಟ್ಟಿದ್ದು. ಇವ್ರಿಗೆ ಬಾಯೆಲ್ಲಾ ಹುಣ್ಣು. ಎಂಜಲು ಪೂರ್ತಿ ಡ್ರೈ ಆಗೋಗಿದೆ. ಖಾರ ಸೋಕಿದ್ರೆ ಬೆಂಕಿ ಇಟ್ಟಂಗಾಗತ್ತೆ."

ರೇಡಿಯೇಷನ್‌ನಲ್ಲಿ ಬೆಂದ ಗಂಟಲಿಗೆ ಮೆಣಸು! ಫ್ಲಾಸ್ಕನ್ನು ಎಲ್ಲಿ ಬಚ್ಚಿಡಲಿ ಎಂದು ನೋಡಿದೆ.

ತಿನ್ನುವುದೇ ಈಗ ದೊಡ್ಡ ಸಮಸ್ಯೆ. ರೇಡಿಯೇಷನ್ ಕೊಡುವಾಗ ತಲೆ ಅಲ್ಲಾಡಬಾರದೆಂದು ಮುಖದ ಅಳತೆಗೇ ಮಾಡಿದ ಜಾಲರಿಯ ಮಾಸ್ಕ್ ಹಾಕಿ ಟೇಬಲ್ಲಿಗೆ ಬಿಗಿಯುತ್ತಾರೆ. ಊಟ ಸೇರದೆ ಶ್ರೀಧರ ಇಳಿದುಹೋಗಿದ್ದಾನೆ, ಮಾಸ್ಕ್ ಸಡಿಲವಾಗತೊಡಗಿದೆ. ಇನ್ನೂ ಇಳಿದರೆ ಹೊಸ ಮಾಸ್ಕ್ ಮಾಡಬೇಕು, ಟ್ರೀಟ್‌ಮೆಂಟ್ ತಡವಾಗಬಹುದು. ಮೂಗಿನಲ್ಲಿ ಟ್ಯೂಬ್ ಹಾಕಿ ಊಟ ಕೊಡಬೇಕಾಗಿಯೂ ಬರಬಹುದು. ಮಾಲಿನಿಗೆ ಅದೇ ಭಯ.

ಈ ಶ್ರೀಧರ ಎಂಥವನು ಗೊತ್ತೇ? ಒಬ್ಬೊಬ್ಬರು ಒಂದೊಂದು ಅಡುಗೆ ತರುವ ನಮ್ಮ ಯುಗಾದಿ ಪಾಟ್‌ಲಕ್‌ನಲ್ಲಿ ಕಂಡ ಪಾತ್ರೆಗೆಲ್ಲ ಸೌಟು ಹಾಕಿ, "ಹುಳಿಗೆ ಉಪ್ಪು ಕಮ್ಮಿ" ಎಂದು ಊರಿಗೆಲ್ಲ ಕೇಳುವಂತೆ ಹೇಳುವವನು. ಅವನಿಗೀಗ ರುಚಿಯೇ ತಿಳಿಯುವುದಿಲ್ಲ, ಪಾಯಸವೂ ರಟ್ಟು, ಮೊಸರೂ ರಟ್ಟು.

ಮಾಲಿನಿ ಅವನ ಮುಂದೆ ನುಣ್ಣಗೆ ಅರೆದ ಮೊಸರನ್ನ ಇಟ್ಟಳು. ನನಗೆ ಬಿಸಿಬೇಳೆಬಾತ್ ಬಡಿಸಲು ಬಂದಳು.

"ಬೇಡ ಕಣೇ, ನಂದು ಊಟ ಆಯ್ತು."

(ಆಗಿರಲಿಲ್ಲ. ತಿನ್ನಲಾಗದವನ ಎದುರು ತಿನ್ನುವುದು ಹೇಗೆ?)

ಶ್ರೀಧರ ಚಮಚ ಕೆಳಗಿಟ್ಟ. ದನಿ ಒಡೆದಿತ್ತು. "ಬಂದೋರೆಲ್ಲಾ ಇದೇ ಹೇಳ್ತೀರ. ಊಟ ಆಯ್ತು, ಊಟ ಆಯ್ತು. ಆಮೇಲೆ ಸುತ್ತ ಕೂತ್ಕೊಂಡು ನಾನು ನುಂಗೋದನ್ನೇ ನೋಡ್ತೀರ. ಯಾರಿಗೇ ಒಳಗಿಳಿಯತ್ತೆ? ಇವಳೂ ಅಷ್ಟೇ, ಕಿಚನ್ನಲ್ಲಿ ನಿಂತ್ಕೊಂಡು ಕದ್ದು ತಿಂತಾಳೆ."

ಮಾಲಿನಿ ಮುಖ ಅತ್ತ ತಿರುಗಿಸಿದಳು. ನನ್ನ ಕಣ್ಣೂ ತುಂಬಿತು, ಮುಚ್ಚಿಡುವುದೇನಿದೆ.

ಇಬ್ಬರೂ ತಟ್ಟೆ ಹಾಕಿಕೊಂಡು ಅವನ ಎದುರು ಕೂತೆವು. ಮೊದಲ ತುತ್ತು ಬಾಯಿಗಿಟ್ಟೆ.

"ಹೆಂಗಿದೆ?" ಅಂದ.

"ಚೆನ್ನಾಗಿದೆ."

"ಸರಿಯಾಗಿ ಹೇಳೇ. ಉಪ್ಪು?"

"ಸ್ವಲ್ಪ ಜಾಸ್ತಿ. ಹುಣಸೆಹಣ್ಣೂ ಜಾಸ್ತಿ ಆಗಿದೆ."

"ನೋಡ್ದ್ಯಾ? ನಾನು ಟೇಸ್ಟ್ ಮಾಡ್ಲಿಲ್ಲ ಅಂದ್ರೆ ಹಿಂಗೇ" ಎಂದು ಮಾಲಿನಿಗೆ ಹೇಳಿ ಒಂದು ಚಮಚ ಮೊಸರನ್ನ ಬಾಯಿಗಿಟ್ಟ. ಮಾಲಿನಿ ಹುಣಸೆಹಣ್ಣಿನ ಪರ ವಾದಕ್ಕಿಳಿದಳು. ನಾನು ತುಪ್ಪ ಕಮ್ಮಿ ಎಂದು ತಗಾದೆ ತೆಗೆದೆ. ಈ ಜಗಳದ ನಡುವೆ ಮುಖ ಕಿವುಚುತ್ತ, ನಡುನಡುವೆ ನೀರು ಕುಡಿಯುತ್ತ ಅವನು ಬಟ್ಟಲು ಖಾಲಿ ಮಾಡಿದ. ನಾವಿಬ್ಬರೂ ಭೇಷ್ ಅನ್ನಲಿಲ್ಲ. ಮಾಲಿನಿ ಏನೂ ಆಗದವಳ ಹಾಗೆ ಇನ್ನೊಂದು ಸೌಟು ಹಾಕಿದಳು.

ಒಂದು ಬಟ್ಟಲು ಮೊಸರನ್ನದಿಂದ ಮಾಸ್ಕ್ ಬಿಗಿಯಾಗುವುದಿಲ್ಲ, ಗೊತ್ತು. ಆದರೂ ಗ್ರೂಪಿನಲ್ಲಿ ಸರದಿ ಹಾಕಿಕೊಂಡಿದ್ದೇವೆ. ಊಟದ ಹೊತ್ತಿಗೆ ಒಬ್ಬರು ಬಿಶಾನ್‌ಗೆ ಹೋಗಬೇಕು. ಸಾರು ತರುವಂತಿಲ್ಲ, ಕಾರಣ ಹುಡುಕುವಂತಿಲ್ಲ. ಹೊಟ್ಟೆ ಮಾತ್ರ ಖಾಲಿ ಇರಬೇಕು.

ನೀವು ಕಾಯಿಲೆಯವರ ಮನೆಗೆ ಹಸಿದುಕೊಂಡು ಹೋದದ್ದು ಯಾವಾಗ?