ಶಾಕ್ ಹೊಡೆಯುವ ಕಾರು ಮತ್ತು ಮರಿತಾಯಮ್ಮ

ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ ಮರಿತಾಯಮ್ಮ ನಕ್ಕುಬಿಟ್ಟರು. "ಡ್ರಮ್ ತುಂಬೋಳ ಬಗ್ಗೆ ಬರಿಯಕ್ಕೆ ಏನದೆ ಕಣವ್ವ?" ಎಂದರು. ಇದೆ. ಅವರಿಲ್ಲದಿದ್ದರೆ ನಾವು ಆರು ಜನ ಹೆಂಗಸರು ಇವತ್ತೂ ಎರಡು ಬಸ್ಸು ಬದಲಾಯಿಸಿ, ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ನಂಜನಗೂಡಿನ ಹತ್ತಿರದ ತಾಂಡ್ಯದ ಕಾರ್ಖಾನೆ ಸೇರಬೇಕಿತ್ತು.

ಸೋಸಲೆಯ ಮರಿತಾಯಮ್ಮ ತಾಂಡ್ಯದ ಒಂದು ಪೇಂಟ್ ಕಾರ್ಖಾನೆಯಲ್ಲಿ, ಬಣ್ಣ ತೆಳುಮಾಡುವ ಥಿನ್ನರನ್ನು ಡ್ರಮ್ಮಿಗೆ ತುಂಬುವ ಕೋಣೆಯಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ನಾನು ಅಲ್ಲೇ ಸ್ಟೋರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಆ ಕೋಣೆಯ ಬಾಗಿಲಲ್ಲಿ ಒಂದು ತಾಮ್ರದ ತಗಡು ಹೊಡೆದಿದ್ದಾರೆ. ಮೈಮೇಲೆ ಸೇರಿಕೊಂಡ ಕರೆಂಟು ಭೂಮಿಗೆ ಇಳಿದುಹೋಗಲಿ, ಥಿನ್ನರಿನ ಆವಿಗೆ ಕಿಡಿ ತಾಗದಿರಲಿ ಎಂದು ಒಳಗೆ ಹೋಗುವವರು ಅದರ ಮೇಲೆ ಅಂಗೈ ಇಟ್ಟೇ ಹೋಗಬೇಕು. ಮರೆತವರ ಕೈ ಹಿಡಿದು ಮರಿತಾಯಮ್ಮನೇ ಒತ್ತಿಸುತ್ತಾರೆ, ಮ್ಯಾನೇಜರನ್ನೂ ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ಅಲ್ಲಿ ಒಂದು ಕಿಡಿ ಹಾರಿಲ್ಲ. ಅದಕ್ಕಾಗಿ ಯಾರೂ ಅವರಿಗೆ ಹಾರ ಹಾಕಿಲ್ಲ ಎನ್ನುವುದು ಬೇರೆ ಮಾತು.

ಹೋದ ಜನವರಿಯಲ್ಲಿ ಅವರ ಅಣ್ಣ ಹುಚ್ಚಯ್ಯನವರ ಮಗ ರಾಹುಲ್ ಏಳು ಸೀಟಿನ ಹೊಸ ಕಾರು ತಂದ. ಅವರ ಬೀದಿಗೆ ಅದೇ ಮೊದಲ ಕಾರು. ನಮ್ಮನ್ನು ಕೆಲಸಕ್ಕೆ ಕರೆದೊಯ್ಯಲು ಕಾರ್ಖಾನೆಯವರು ಅದನ್ನೇ ಗೊತ್ತು ಮಾಡಿದರು. ಮೂರು ತಿಂಗಳು ನೋಡಿ ಕಾಯಂ ಮಾಡುವ ಮಾತಾಗಿತ್ತು. ಹುಚ್ಚಯ್ಯನವರ ಕಾಲು ನೆಲದ ಮೇಲಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ತೆಗೆಯಲು ಮಗ ಕೈ ಹಾಕಿದರೆ, "ಮುಟ್ಬ್ಯಾಡ ಕಣ್ಲಾ, ತಗುದ್ರೆ ಹಳೇದಾಯ್ತದೆ" ಎಂದು ಗದರಿದರು. ಇದರಲ್ಲಿ ಅವರೊಬ್ಬರದೇ ತಪ್ಪೇನಿಲ್ಲ. ನಮ್ಮ ಮನೆಯ ಟಿವಿ ರಿಮೋಟು ಎಂಟು ವರ್ಷದಿಂದ ತಂದಾಗಿನ ಕವರಿನೊಳಗೇ ಇದೆ.

ಫೆಬ್ರವರಿಯ ಒಣಹವೆ ಶುರುವಾಯಿತು ನೋಡಿ, ಕಾರು ಶಾಕ್ ಹೊಡೆಯತೊಡಗಿತು. ಇಳಿದು ಬಾಗಿಲು ಮುಚ್ಚಲು ಹೋದರೆ ಬೆರಳ ತುದಿಗೆ ಟಪ್ ಎಂದು ಹೊಡೆಯುತ್ತಿತ್ತು. ಪ್ಯಾಕಿಂಗ್ ವಿಭಾಗದ ಪವಿತ್ರ ಬೆಚ್ಚಿ ಊಟದ ಡಬ್ಬಿಯನ್ನೇ ಕೆಡವಿಕೊಂಡಳು, ಗೇಟಿನ ಎದುರಿಗೆ, ಎಲ್ಲರೂ ನೋಡುವ ಹಾಗೆ. ವಿಷಯ ಕಾರ್ಖಾನೆಯ ವಾಹನ ನೋಡಿಕೊಳ್ಳುವ ನಾಗೇಂದ್ರ ಅವರ ಕಿವಿಗೆ ಬಿತ್ತು. "ಸೋಮವಾರ ನಾನೇ ಕೂತು ನೋಡ್ತೀನಿ. ಶಾಕ್ ಹೊಡೆದ್ರೆ ಅವತ್ತಿಗೇ ನಿಲ್ಸಿಬಿಡ್ತೀನಿ" ಎಂದರು.

ರಾಹುಲ್ ಮುಖ ಬಾಡಿಹೋಯಿತು. ತಿ. ನರಸೀಪುರದ ಮೆಕ್ಯಾನಿಕ್ ಬ್ಯಾಟರಿ, ವೈರು ಎಲ್ಲ ತಡಕಿ, ಏನೂ ದೋಷವಿಲ್ಲ ಎಂದು ಕೈ ಒರೆಸಿಕೊಂಡ. ಹುಚ್ಚಯ್ಯನವರು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿದರು. "ಗೋಡೆ ಮ್ಯಾಲೆ ಬುದ್ಧನ ಫೋಟೋ ಇಟ್ಕೊಂಡು ಇದೇನಪ್ಪ?" ಎಂದು ಮಗ ರೇಗಿದ. ಓದಿದವಳೆಂಬ ಜಂಬದಲ್ಲಿ ನಾನು ಮೊಬೈಲು ನೋಡಿ, ಕರೆಂಟು ನೆಲಕ್ಕಿಳಿಯಲೆಂದು ಕಾರಿನ ಹಿಂದೆ ಕಬ್ಬಿಣದ ಸರಪಳಿ ಇಳಿಬಿಡಿಸಿದೆ. ದಾರಿಯುದ್ದಕ್ಕೂ ಜಣಜಣ ಸದ್ದು ಬಂತು. ಶಾಕ್ ಹೋಗಲಿಲ್ಲ.

ಮರಿತಾಯಮ್ಮ ಮಾತ್ರ ಎರಡು ಸಲ ಹೇಳಿದ್ದರು: "ಆ ಪ್ಲಾಸ್ಟಿಕ್ ತಗ್ಸಣ್ಣ." ಯಾರು ಕೇಳಬೇಕು? ಹಿತ್ತಲ ಗಿಡ ಮದ್ದಲ್ಲ. ಆದರೆ ಶನಿವಾರ ಸಂಜೆ ಪವಿತ್ರ ಒಂದು ವಿಷಯ ಗಮನಿಸಿದಳು. ಆರು ಜನರಲ್ಲಿ ಮರಿತಾಯಮ್ಮನಿಗೆ ಒಮ್ಮೆಯೂ ಶಾಕ್ ಹೊಡೆದಿರಲಿಲ್ಲ.

ಭಾನುವಾರ ನಾವೆಲ್ಲ ಅವರ ಮನೆಯ ಮುಂದೆ ಸೇರಿದೆವು. ಮರಿತಾಯಮ್ಮ ನನ್ನನ್ನು ಸೀಟಿನ ಮೇಲೆ ಕೂರಿಸಿ, ಜಾರಿಕೊಂಡು ಇಳಿಸಿ, ಬಾಗಿಲು ಮುಟ್ಟು ಎಂದರು. ಟಪ್ ಎಂದಿತು. ಮತ್ತೆ ಕೂರಿಸಿದರು. ಈ ಸಲ ಸೀಟಿನಿಂದ ಏಳುವ ಮೊದಲೇ ಬಾಗಿಲಿನ ಕಬ್ಬಿಣ ಹಿಡಿಸಿ, ಎರಡೂ ಕಾಲು ನೆಲಕ್ಕೆ ತಾಗುವವರೆಗೂ ಕೈ ಬಿಡಗೊಡಲಿಲ್ಲ. ಏನೂ ಆಗಲಿಲ್ಲ.

"ಕರೆಂಟು ಕಾರ್ನಲ್ಲಿಲ್ಲ ಕಣ್ರವ್ವ, ನಮ್ ಮೈಮ್ಯಾಲದೆ" ಎಂದರು. "ಪಾಲಿಸ್ಟರ್ ಸೀರೆ ಪ್ಲಾಸ್ಟಿಕ್‌ಗೆ ಉಜ್ಜಿ ಉಜ್ಜಿ ಏಳ್ತದೆ. ಕೆಳಗೆ ನಿಂತ್ಕಂಡು ಮುಟ್ಟುದ್ರೆ ಟಪ್ ಅಂತ ಕಿಡಿ ಸಿಡೀತದೆ. ಇಡ್ಕಂಡೇ ಇಳುದ್ರೆ ಸುಮ್ಕೆ ಓಯ್ತದೆ. ಪ್ಲಾಸ್ಟಿಕ್ ತಗುದು ಅತ್ತಿ ಬಟ್ಟೆ ಆಕಿ, ಅರ್ಧ ಕಾಟ ಅಲ್ಲೇ ತಪ್ತದೆ. ಪೆಟ್ರೋಲ್ ಆಕ್ಸುವಾಗ್ಲಂತೂ ಮೊದ್ಲು ಕಬ್ಬಿಣ ಮುಟ್ಟಬೇಕು, ನಡುವ್ನಲ್ಲಿ ಒಳಗೋಗಿ ಕೂರ್ಬಾರ್ದು."

ಎಲ್ಲರೂ ಹುಚ್ಚಯ್ಯನವರ ಮುಖ ನೋಡಿದೆವು. "ಅಂಗಾದ್ರೆ ಒಸ ಕಾರು ಅಂತ ಎಂಗ್ ಗೊತ್ತಾಗದು?" ಎಂದರು ಅವರು, ಸಣ್ಣ ದನಿಯಲ್ಲಿ.

"ಅಣ್ಣ, ನಾವು ಕಾರ್ ತಕ್ಕಂಡಿದ್ದು ಊರ್ಗೇ ಗೊತ್ತದೆ. ನಾಳೀಕೂ ಅದು ಓಡ್ಬೇಕಲ್ವಾ?"

ಹುಚ್ಚಯ್ಯನವರು ತಾವೇ ಕಾರಿನೊಳಗೆ ನುಗ್ಗಿ, ಮದುವೆ ಚಪ್ಪರ ಬಿಚ್ಚುವವರ ಮುಖ ಮಾಡಿಕೊಂಡು ಒಂದೊಂದೇ ಸೀಟಿನ ಪ್ಲಾಸ್ಟಿಕ್ ಹರಿದರು. ಮರಿತಾಯಮ್ಮ ಮನೆಯಲ್ಲಿದ್ದ ಹತ್ತಿ ದುಪ್ಪಟಿಗಳನ್ನು ತಂದು ಹಾಸಿದರು.

ಸೋಮವಾರ ನಾಗೇಂದ್ರ ತಿ. ನರಸೀಪುರದಲ್ಲಿ ಹತ್ತಿದರು. ಹುಚ್ಚಯ್ಯನವರೂ ನಂಜನಗೂಡಿನಲ್ಲಿ ಏನೋ ಕೆಲಸವಿದೆ ಎಂದು ಸುಳ್ಳು ಹೇಳಿ ಹಿಂದೆ ಮುದುರಿ ಕೂತಿದ್ದರು. ಜಾಗವಾಗಲೆಂದು ನಮ್ಮಲ್ಲಿಬ್ಬರು ಅವತ್ತು ಬಸ್ಸಿನಲ್ಲೇ ಹೋಗಿದ್ದರು. ಕಾರ್ಖಾನೆಯ ಗೇಟಿನಲ್ಲಿ ರಾಹುಲ್, "ಸಾ, ಬಾಗ್ಲು ಇಡ್ಕಂಡೇ ಇಳೀರಿ" ಎಂದ. ನಾಗೇಂದ್ರ ಹಿಡಿದೇ ಇಳಿದರು. ನಂಬಿಕೆ ಬರದೆ ಬಾಗಿಲನ್ನು ಮತ್ತೆ ಮುಟ್ಟಿದರು, ಬಾನೆಟ್ಟನ್ನೂ ಮುಟ್ಟಿದರು. ಒಂದು ಸಣ್ಣ ಚುರುಕೂ ಇಲ್ಲ.

"ಸರಿಯಾಗಿದೆ, ಮುಂದುವರಿಸಿ. ಯಾವ ಮೆಕ್ಯಾನಿಕ್ ಮಾಡಿದ್ದು?" ಎಂದು ಕೇಳಿದರು.

ರಾಹುಲ್ ಬಾಯಿ ತೆರೆಯುವ ಮೊದಲೇ ಹುಚ್ಚಯ್ಯನವರು ಕೆಳಗಿಳಿದು ಬಂದು ನಿಂತರು. "ನನ್ ತಂಗಿ ಸಾ, ಮರಿತಾಯಿ. ನಿಮ್ ಥಿನ್ನರ್ ರೂಮ್ನಲ್ಲೇ ಅವಳೆ. ನೀವೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ನಮ್ಮ ಗುಂಪಿನವರೆಂದು ಅಷ್ಟು ಹೆಮ್ಮೆ ನನಗೆ ಯಾರ ಬಗ್ಗೆಯೂ ಆಗಿರಲಿಲ್ಲ. ನಾಗೇಂದ್ರ ಮರಿತಾಯಮ್ಮನ ಕಡೆ ತಿರುಗಿ, "ಬೇರೆ ಗಾಡಿ ಡ್ರೈವರ್‌ಗಳಿಗೂ ಸ್ವಲ್ಪ ಹೇಳಿಕೊಡ್ತೀರಾ ಅಮ್ಮ?" ಎಂದರು.

"ಯೋಳ್ಕೊಡ್ತೀನಿ ಸಾ" ಎಂದರು ಮರಿತಾಯಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಆದ್ರೆ ನಾನು ಮೊದಲ್ನೇ ಸಲ ಯೋಳ್ದಾಗ್ಲೇ ಕೇಳ್ಬೇಕು."