ನೀಲುವಿಗಾಗಿ ಅವ್ವ ಆರಿಸಿದ ಆಟಿಕೆಗಳು

ಆಗ ಪುಣೆಯ ಕೊಂಢವಾ ಅಂದರೆ ಅರ್ಧ ಕಟ್ಟಿ ಬಿಟ್ಟ ಊರು. ಯಾವ ಕಡೆ ನೋಡಿದರೂ ಉಸುಕಿನ ಗುಡ್ಡೆ, ಇಟ್ಟಂಗಿಯ ಸಾಲು, ನೀರು ಹೊಡೆದ ಹಸಿ ಸಿಮೆಂಟಿನ ವಾಸನೆ. ನಮ್ಮಂಥ ಮಕ್ಕಳಿಗೆ ಆ ಉಸುಕೇ ಮೈದಾನ. ಶಾಲೆಯಿಂದ ಬಂದವರು ಪಾಟಿಚೀಲ ಒಗೆದು ಗುಡ್ಡೆ ಏರಿದರೆ, ಮೇಲಿನ ಮಜಲೆಯಿಂದ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುವವರೆಗೂ ಇಳಿಯುತ್ತಿರಲಿಲ್ಲ. ಹುಣಸೆಬೀಜ, ಬಳೆಚೂರು, ಜತೆಗೆ ನಲ್ಲಿ-ಪೈಪು ಮಾರುವ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ತರುತ್ತಿದ್ದ ರಟ್ಟಿನ ಡಬ್ಬಿ, ಇಷ್ಟೇ ನನ್ನ ಆಸ್ತಿ. ಅಂಗಡಿಯಿಂದ ಕೊಂಡು ತಂದ ಆಟಿಕೆ ಎಂಬುದು ನಮ್ಮ ಮನೆಗೆ ಬಂದದ್ದೇ ನೀಲುವಿನಿಂದ.

ನೀಲು ನನ್ನ ಚಿಕ್ಕವ್ವನ ಮಗಳು. ಅವ್ವನ ಬೆನ್ನಿಗೆ ಹುಟ್ಟಿದ ಸರೋಜಾ ಚಿಕ್ಕವ್ವನನ್ನು ಪುಣೆಯಾಚೆ ಭೋರ್ ಎಂಬ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಸವರಾಜ ಕಾಕಾನಿಗೆ ಕೊಟ್ಟಿದ್ದರು. ಆ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ ಚಿಕ್ಕವ್ವ ಮತ್ತೆ ಏಳಲಿಲ್ಲ. ನೀಲುವಿಗೆ ಆಗಿನ್ನೂ ಮೂರು ತುಂಬಿತ್ತಷ್ಟೇ.

ಶ್ರಾವಣದ ಒಂದು ಮಧ್ಯಾಹ್ನ ಕಾಕಾ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಹೊರಗೆ ಪುಣೆಯ ಆ ಜಿಟಿಜಿಟಿ ಮಳೆ. ಇಬ್ಬರ ತಲೆಯೂ ತೊಯ್ದಿತ್ತು. ನೀಲು ಅಪ್ಪನ ಕಿರುಬೆರಳು ಹಿಡಿದು ಹೊಸ್ತಿಲ ಹೊರಗೇ ನಿಂತಳು.

"ಅಕ್ಕಾರ," ಎಂದ ಕಾಕಾ, ಅವ್ವನ ಮುಖ ನೋಡದೆ. "ಸ್ವಲ್ಪ ದಿನ ನಿಮ್ಮ ಹಂತ್ಯಾಕ ಇರ್ಲಿ. ನನಗ ಅಂಗಡಿನೂ ನೋಡ್ಕೋಳಿಕ್ಕೆ ಆಗವಲ್ದು, ಇಕಿನ್ನೂ ನೋಡ್ಕೋಳಿಕ್ಕೆ ಆಗವಲ್ದು. ಅಕಿ ಹೋದಾಗಿಂದ ಕೂಸು ಒಂದ ಮಾತ ಆಡಿಲ್ರಿ."

ಅವ್ವ ಸೆರಗಿನಿಂದ ಕೂಸಿನ ತಲೆ ಒರೆಸಿ ಒಳಗೆ ಎತ್ತಿಕೊಂಡಳು.

ನಿಜವಾಗಿಯೂ ನೀಲು ಮಾತಾಡುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದಳು, ಮಲಗಿಸಿದರೆ ಮಲಗುತ್ತಿದ್ದಳು. ಉಳಿದಂತೆ ಟ್ರಂಕಿನ ಪಕ್ಕ ಗೋಡೆಗೆ ಬೆನ್ನು ಹಚ್ಚಿ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು. ಒಂದೇ ಮಗುವಾಗಿ ಬೆಳೆದಿದ್ದ ನನಗೆ ತಂಗಿ ಸಿಕ್ಕಳೆಂದು ಹಿಗ್ಗೋ ಹಿಗ್ಗು. ಅವಳೆದುರು ಕುಣಿದೆ, ಬೆಕ್ಕಿನ ಹಾಗೆ ಕೂಗಿದೆ, ಉಸುಕಿಗೆ ಎಳೆದೊಯ್ದೆ. ಗುಡ್ಡೆಯ ಮೇಲೆ ಕೂರಿಸಿದರೆ ಕೂರಿಸಿದಲ್ಲೇ ಕೂತಿರುತ್ತಿದ್ದಳು.

ಮೊದಲ ಆಟಿಕೆ ತಂದವನು ಅಪ್ಪ. ಪಾಪ, ಪಗಾರದ ದಿನ ದೊಡ್ಡ ಡಬ್ಬಿ ಹಿಡಿದು ಬಂದ. ಕೀಲಿ ತಿರುವಿದರೆ ತಾಳ ಬಡಿಯುತ್ತ, ಹಲ್ಲು ಕಿರಿಯುತ್ತ ಕುಣಿಯುವ ಮಂಗ. ಅದು ಒಂದು ಸುತ್ತು ಕುಣಿದದ್ದೇ ತಡ, ನೀಲು ಟ್ರಂಕಿನ ಹಿಂದೆ ತೂರಿಕೊಂಡು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಅಪ್ಪ ಮಂಗನನ್ನು ಕೈಯಲ್ಲಿ ಅಮುಕಿ ಹಿಡಿದು ನಿಲ್ಲಿಸಿದ. ಅದರ ತಾಳಗಳು ಅಂಗೈಯೊಳಗೆ ಇನ್ನೂ ಟಕ್ ಟಕ್ ಅನ್ನುತ್ತಿದ್ದವು.

"ಮಕ್ಕಳಿಗೆ ಇಂಥಾವು ಸೇರ್ತಾವ ಅಂದ್ನಲ್ಲ ಅಂಗಡಿಯಾಂವ," ಎಂದ, ಯಾರಿಗೋ ಸಮಜಾಯಿಷಿ ಕೊಡುವವನಂತೆ.

ಮರುದಿನ ಅವ್ವ ನೀಲುವನ್ನು ಎತ್ತಿಕೊಂಡು ಓಣಿಯ ಬಾಲವಾಡಿಗೆ ಹೋದಳು. ನಾನೂ ಬಾಲ ಹಿಡಿದೆ. ಅಲ್ಲಿ ಕಲಿಸುತ್ತಿದ್ದ ಮರಾಠಿ ಬಾಯಿಯವರು ನೀಲುವನ್ನು ಹತ್ತಿರ ಕರೆಯಲಿಲ್ಲ, ಗಲ್ಲ ಹಿಂಡಲಿಲ್ಲ. ತುಸು ಹೊತ್ತು ನೋಡಿ ಅವ್ವನಿಗೆ ಹೇಳಿದರು: "ಬೋಲಾಯಲಾ ಲಾವೂ ನಕಾ. ಖೇಳೂ ದ್ಯಾ." ಮಾತಾಡು ಅಂತ ಬೆನ್ನು ಹತ್ತಬೇಡಿ, ಆಡಲು ಬಿಡಿ ಅಂತ. ತಾನೇ ಆಡುವ ಆಟಿಕೆಯನ್ನು ಕೂಸು ನೋಡುತ್ತ ಕೂರುತ್ತದೆ ಅಷ್ಟೇ, ಕೂಸಿನ ಕೈ ಆಡುವಂಥದ್ದನ್ನು ತನ್ನಿ ಎಂದೂ ಹೇಳಿದರು.

ಬಾಗಿಲಕೋಟೆ ಕಡೆಯ ಹಳ್ಳಿಯಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಮ್ಮವ್ವ. ಆಟಿಕೆಯನ್ನು ಹೀಗೂ ವಿಚಾರ ಮಾಡಿ ಆರಿಸಬಹುದು ಎಂಬುದು ಅವಳಿಗೆ ಅಂದೇ ಗೊತ್ತಾದದ್ದು. ಗೊತ್ತಾದ ಮೇಲೆ ಮಾತ್ರ ಬಂಗಾರ ಕೊಳ್ಳುವವಳ ಹಾಗೆ ಹೊರಟಳು. ತುಳಶಿಬಾಗ ಪೇಟೆಯ ಸಂದಿಗಳಲ್ಲಿ, ಬಳೆ, ಪಿನ್ನು, ಅಗರಬತ್ತಿಯ ವಾಸನೆಯ ನಡುವೆ, ಆಟಿಕೆಯ ಅಂಗಡಿ ಅಂಗಡಿ ಹೊಕ್ಕಳು. ಪ್ರತಿಯೊಂದನ್ನೂ ಎತ್ತಿ ಮೂಗಿಗೆ ಹಿಡಿದು ಬಣ್ಣದ ವಾಸನೆ ನೋಡುವಳು. ಅಂಚನ್ನು ತನ್ನ ಗಲ್ಲಕ್ಕೆ ಉಜ್ಜಿ ನೋಡುವಳು. ಬಾಯಲ್ಲಿ ಇಟ್ಟುಕೊಂಡರೆ ನುಂಗುವಷ್ಟು ಸಣ್ಣದಿದ್ದರೆ ಹಿಂದಕ್ಕೆ ಸರಿಸುವಳು.

ಅಂಗಡಿಯವನು ಇಂಗ್ಲಿಷ್ ಅಕ್ಷರದ ಹಲಗೆ ಮುಂದಿಟ್ಟು, "ತಾಈ, ಹೇ ಘ್ಯಾ. ಮುಲೀಚೀ ಬುದ್ಧಿ ವಾಢೇಲ," ಎಂದ. ಮಗಳ ಬುದ್ಧಿ ಬೆಳೆಯುತ್ತದಂತೆ.

ಅವ್ವ ತನ್ನ ಹರಕು ಮರಾಠಿಯಲ್ಲಿ, "ಬುದ್ಧಿ ಆಹೇ. ಭೀತಿ ಜಾಯಲಾ ಪಾಹಿಜೆ," ಎಂದಳು. ಬುದ್ಧಿ ಅದೆ, ಭಯ ಹೋಗಬೇಕು. ಅಂಗಡಿಯವನು ಹಲಗೆಯನ್ನು ಮೆಲ್ಲಗೆ ಹಿಂದಕ್ಕಿಟ್ಟ.

ಕಡೆಗೆ ಎರಡು ವಸ್ತು ತಂದೆವು. ಒಂದು, ಪ್ರಾಣಿಗಳ ಆಕಾರ ಕೊರೆದ ಕಟ್ಟಿಗೆಯ ಹಲಗೆ. ಆನೆ, ಹುಲಿ, ಎಮ್ಮೆ, ಕೋಳಿ ಎಲ್ಲವೂ ಬಿಡಿ ಬಿಡಿ, ಅವುಗಳ ಗುಳಿಯಲ್ಲಿ ಅವನ್ನೇ ಕೂರಿಸಬೇಕು. ಇನ್ನೊಂದು, ಕಟ್ಟಿಗೆಯ ಪುಟ್ಟ ಅಡಿಗೆ ಸಾಮಾನು. ಒಲೆ, ಹಂಚು, ಬೋಗುಣಿ, ಬೆರಳುದ್ದದ ಲಟ್ಟಣಿಗೆ.

ಅವ್ವ ಅವನ್ನು ನೀಲುವಿನ ಕೈಗೆ ಕೊಡಲಿಲ್ಲ. ಟ್ರಂಕಿನ ಹತ್ತಿರ ನೆಲದ ಮೇಲೆ ಹರವಿ, ತನ್ನ ಪಾಡಿಗೆ ಜೋಳ ಹಸನು ಮಾಡುತ್ತ ಕುಳಿತಳು. ನಾನು ಓಡಿ ಹೋಗಿ ಆನೆ ಎತ್ತಿಕೊಳ್ಳುವಷ್ಟರಲ್ಲಿ, "ಶೈಲಾ, ಮುಟ್ಟಬ್ಯಾಡ," ಎಂದು ಕಣ್ಣು ಬಿಟ್ಟಳು. ಬಹಳ ಹೊತ್ತಿನ ಮೇಲೆ ನೀಲುವಿನ ಕೈ ಮೆಲ್ಲಗೆ ಮುಂದೆ ಬಂತು. ಕೋಳಿಯನ್ನು ಎತ್ತಿ ಹುಲಿಯ ಗುಳಿಗೆ ಒತ್ತಿದಳು. ಕೂರಲಿಲ್ಲ. ತಿರುವಿ ಒತ್ತಿದಳು. ಒಂದೊಂದೇ ಗುಳಿಗೆ ಹಿಡಿದು ನೋಡುತ್ತ ಹೋದಳು. ಕೋಳಿ ತನ್ನ ಜಾಗದಲ್ಲಿ ಟಕ್ಕನೆ ಕೂತಾಗ ತಲೆ ಎತ್ತಿ ಅವ್ವನನ್ನು ನೋಡಿದಳು. ಅವ್ವನ ಕೈಯೊಳಗಿನ ಮೊರ ನಿಂತುಹೋಗಿತ್ತು.

ಆಮೇಲೆ ಅವಳಿಗೆ ಆ ಹಲಗೆಯೇ ಹಗಲು. ಆದರೆ ಮಾತು ಬಂದದ್ದು ಅಡಿಗೆ ಆಟದಲ್ಲಿ. ಗಣಪತಿ ಹಬ್ಬ ಕಳೆದ ಹೊಸತು. ಮೂಲೆಯಲ್ಲಿ ಪುಟ್ಟ ಒಲೆ ಹೂಡಿ ನಾನು ಉಸುಕಿನ ಅನ್ನ ಮಾಡಿದ್ದೆ. ಬೋಗುಣಿಯನ್ನು ಅವಳ ಮುಂದಿಟ್ಟೆ. ನೀಲು ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಮುಂದೆ ಮಾಡಿ ಊದಿದಳು. ನನ್ನ ಕೈಯನ್ನು ಸರಿಸಿ ಹೇಳಿದಳು:

"ಸುಡ್ತದ ಚಿನ್ನಾ. ಆರ್ಲಿ."

ತೊದಲಲಿಲ್ಲ, ತಡೆಯಲಿಲ್ಲ. ನಾನು ಚಪ್ಪಾಳೆ ತಟ್ಟಿ, "ಅವ್ವಾ, ನೀಲು ಮಾತಾಡಿದ್ಲು!" ಎಂದು ಕೂಗಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದವಳು ಬಾಗಿಲಲ್ಲೇ ನಿಂತಳು. ಅದು ಸರೋಜಾ ಚಿಕ್ಕವ್ವನ ಮಾತು. ಮಗಳಿಗೆ ಉಣಿಸುವಾಗ ಅವಳು ಹಾಗೇ ಅನ್ನುತ್ತಿದ್ದಳಂತೆ, ಹಾಗೇ ಊದುತ್ತಿದ್ದಳಂತೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ತಂಗಿ ಸತ್ತಾಗ ಎಲ್ಲರೆದುರು ಅಳದಿದ್ದವಳು ಆ ಮಧ್ಯಾಹ್ನ ಅತ್ತಳು.

ಒಮ್ಮೆ ಬಾಯಿ ಬಿಟ್ಟ ಮೇಲೆ ನೀಲುವನ್ನು ಹಿಡಿಯುವವರಿಲ್ಲ. ಕಂಡದ್ದನ್ನೆಲ್ಲ ಕೇಳುವಳು, ಕೇಳಿದ್ದನ್ನೆಲ್ಲ ತಿರುಗಿ ಹೇಳುವಳು. ಬೇಳೆ-ಕಾಳುಗಳನ್ನು ಬೆರೆಸಿಟ್ಟು ಆರಿಸಲು ಕೊಡುತ್ತಿದ್ದಳು ಅವ್ವ. ನೀಲು ತೊಗರಿ ಒಂದು ಕಡೆ, ಹೆಸರು ಒಂದು ಕಡೆ ಮಾಡುತ್ತ ಬಣ್ಣ ಕಲಿತಳು. ದೀಪಾವಳಿಗೆ ಓಣಿಯ ಮಕ್ಕಳೆಲ್ಲ ಸೇರಿ, ಪುಣೆಯ ವಾಡಿಕೆಯಂತೆ, ಕಟ್ಟಡದ ಮುಂದೆ ಕೆಂಪು ಮಣ್ಣಿನ ಕಿಲ್ಲೆ ಕಟ್ಟಿದೆವು. ಗೋಡೆಯ ಮೇಲೆ ಮಣ್ಣಿನ ಸಿಪಾಯಿಗಳನ್ನು ನಿಲ್ಲಿಸಿದರೆ ನೀಲು ಬಾಗಿಲಿಗೆ ತನ್ನ ಕಟ್ಟಿಗೆಯ ಹುಲಿಯನ್ನು ತಂದಿಟ್ಟಳು. "ಹುಲಿ ಮಲ್ಕೊಂಡದ. ಗದ್ಲ ಮಾಡಬ್ಯಾಡ್ರಿ," ಎಂದು ದೊಡ್ಡ ಹುಡುಗರಿಗೆಲ್ಲ ತಾಕೀತು ಮಾಡಿದಳು. ಕನ್ನಡ ತಿಳಿಯದ ಆ ಮರಾಠಿ ಹುಡುಗರು ಅವಳ ಬೆರಳು ನೋಡಿಯೇ ಸುಮ್ಮನಾದರು.

ಆ ದಿನಗಳಲ್ಲೇ ಅವಳು ನಮ್ಮವ್ವನನ್ನು "ಅವ್ವಾ" ಅನ್ನತೊಡಗಿದ್ದು.

"ದೊಡ್ಡವ್ವ ಅನಬೇಕು ಚಿನ್ನಾ. ನಾ ನಿನ್ನ ದೊಡ್ಡವ್ವ."

"ಹೂಂ ಅವ್ವಾ."

ಅವ್ವ ಸ್ವಲ್ಪ ದಿನ ತಿದ್ದಿದಳು. ಆಮೇಲೆ ತಿದ್ದುವುದನ್ನು ಬಿಟ್ಟಳು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ನಾವಿಬ್ಬರೂ ಅವಳ ಮಕ್ಕಳೇ, ಇದು ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ತುಳಸಿ ಲಗ್ನದ ಹೊತ್ತಿಗೆ ಕಾಕಾ ಬಂದ. ಜತೆಗೆ ಹೊಸ ಹೆಂಡತಿ. ಲಲಿತಾ ಅಂತ, ನನಗೆ ಕಾಕು, ಇನ್ನೂ ಎಳೆಯ ವಯಸ್ಸು, ಅರಿಶಿನದ ಕೈ. ಕಂಕುಳಲ್ಲಿ ಕಣ್ಣು ಮುಚ್ಚಿ ತೆಗೆಯುವ ದೊಡ್ಡ ಗೊಂಬೆ. ಅವರಿಗೆ ಮದುವೆಯಾದದ್ದು ಅಪ್ಪ-ಅವ್ವನಿಗೆ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ.

ನೀಲು ಗೊಂಬೆಯನ್ನು ನೋಡಿದಳು, ಮುಟ್ಟಲಿಲ್ಲ. ಅವ್ವನ ಸೀರೆಯ ನಿರಿಗೆಯೊಳಗೆ ಮುಖ ಮುಚ್ಚಿಕೊಂಡಳು. ಲಲಿತಾ ಕಾಕು ಗೊಂಬೆ ಚಾಚಿದ ಕೈಯನ್ನು ಏನು ಮಾಡುವುದೋ ತಿಳಿಯದೆ ಹಾಗೇ ಹಿಡಿದಿದ್ದಳು. ಅವಳ ಕಣ್ಣಲ್ಲೂ ಹೆದರಿಕೆಯೇ ಇತ್ತು.

"ಅಕಿಗೆ ಏನ್ ಸೇರ್ತದ್ರಿ?" ಎಂದು ಅವ್ವನನ್ನು ಕೇಳಿದಳು. "ನನಗ ಕೂಸುಗಳನ್ನ ಆಡಿಸಿ ರೂಢಿ ಇಲ್ರಿ."

ಅವ್ವ ಅವಳನ್ನು ಬಹಳ ಹೊತ್ತು ನೋಡಿದಳು. ನನಗೆ ಈಗಲೂ ಆ ನೋಟ ಕಾಣುತ್ತದೆ. ಬೇಕಿದ್ದರೆ ಅವ್ವ ಏನೂ ಹೇಳದೆ ಸುಮ್ಮನಿರಬಹುದಿತ್ತು. ಕೂಸು ಹೊಂದಿಕೊಳ್ಳಲಿಲ್ಲ ಎಂದು ಕಾಕಾ ಬರಿಗೈಯಲ್ಲಿ ಹೋಗಿದ್ದರೂ ಹೋಗುತ್ತಿದ್ದನೇನೋ. ಅವ್ವ ಎದ್ದು ಆ ಕಟ್ಟಿಗೆಯ ಹಲಗೆ ತಂದು ನೆಲದ ಮೇಲೆ ಇಟ್ಟಳು.

"ಕುಂಡ್ರಿ. ಆಡು ಅನಬ್ಯಾಡ್ರಿ. ಮೊದಲ ನೀವು ಆಡ್ರಿ."

ರೇಷ್ಮೆ ಸೀರೆಯ ಮದುಮಗಳು ನೆಲಕ್ಕೆ ಕುಳಿತಳು. ಆನೆಯನ್ನು ಎತ್ತಿ ಆನೆಯ ಗುಳಿಯ ಕಡೆ ಒಯ್ಯುತ್ತಿದ್ದಳು. ಅವ್ವ ಬಗ್ಗಿ ಪಿಸುಗುಟ್ಟಿದಳು, "ತಪ್ಪ ಇಡ್ರಿ."

ಲಲಿತಾ ಕಾಕು ಆನೆಯನ್ನು ಎಮ್ಮೆಯ ಗುಳಿಗೆ ಒತ್ತಿದಳು. ನಿರಿಗೆಯ ಮರೆಯಿಂದ ಒಂದು ಕಣ್ಣು ಹೊರಗೆ ಬಂತು. ಮತ್ತೆ ಒತ್ತಿದಳು. ನೀಲುವಿಗೆ ತಡೆಯಲಾಗಲಿಲ್ಲ. ಓಡಿಬಂದು ಅವಳ ಮಗ್ಗುಲಿಗೆ ಕುಕ್ಕರಿಸಿ, "ಅಲ್ಲ! ಅದು ಆನಿ ಮನಿ ಅಲ್ಲ. ಇಲ್ಲಿ ಇಡು," ಎಂದು ಆ ಅರಿಶಿನದ ಕೈ ಹಿಡಿದು ತೋರಿಸಿದಳು. ಲಲಿತಾ ಕಾಕು ನಕ್ಕಳು. ನೀಲುವೂ ನಕ್ಕಳು. ಅವ್ವ ಹಿಂದಕ್ಕೆ ಹಿಂದಕ್ಕೆ ಸರಿದು ಅಡಿಗೆಮನೆಯ ಕತ್ತಲಿಗೆ ಸೇರಿದಳು.

ಎರಡು ದಿನ ಅವರು ನಮ್ಮಲ್ಲೇ ಇದ್ದರು. ಅವ್ವ ಎಲ್ಲವನ್ನೂ ಹೇಳಿಕೊಟ್ಟಳು. ಹಾಲಿಗೆ ಬೆಲ್ಲ ಎಷ್ಟು, ಯಾವ ಮಗ್ಗುಲಿಗೆ ಮಲಗಿಸಬೇಕು, ಸಿಟ್ಟು ಬಂದಾಗ ಮಾತಾಡಿಸದೆ ಪುಟ್ಟ ಲಟ್ಟಣಿಗೆ ಕೈಗೆ ಕೊಡಬೇಕು. ನೀಲುವಿಗೂ ಹೇಳಿದಳು: "ಇವರಿಗೆ ಅವ್ವ ಅನಬೇಕು. ನನಗ ದೊಡ್ಡವ್ವ." ಈ ಸಲ ಅವಳು ಸರಿಯಾಗಿ ಅನ್ನುವವರೆಗೆ ತಿದ್ದಿದಳು.

ಸ್ವಾರಗೇಟ್ ನಿಲ್ದಾಣದಿಂದ ಭೋರಿನ ಬಸ್ಸು. ನೀಲು ಅಳಲಿಲ್ಲ. ಸಂಜೆಗೆ ತಿರುಗಿ ಬರುತ್ತೇನೆ ಅಂತಲೇ ಅವಳ ಲೆಕ್ಕ. ಕಿಟಕಿಯಿಂದ ಕೈ ಬೀಸುತ್ತ, "ನನ್ನ ರೊಟ್ಟಿ ಮುಚ್ಚಿಡು!" ಎಂದು ಕೂಗಿದಳು. ಯಾರನ್ನು ಉದ್ದೇಶಿಸಿ ಅಂತ ಅವಳು ಹೇಳಲಿಲ್ಲ. ಅವ್ವ ಹೂಂ ಅಂದಳು. ಆ ಸಂಜೆ ಒಂದು ರೊಟ್ಟಿ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಕೊಂಡು ಹಾಗೇ ಉಳಿಯಿತು.

ಭೋರಿಗೆ ಹೋಗೋಣ ಅಂತ ನಾನು ದಿನಾ ಹಟ ಮಾಡಿದೆ. "ಈಗ ಬ್ಯಾಡ. ಕೂಸು ಅಲ್ಲಿ ಕೂಡ್ಲಿ," ಅನ್ನುತ್ತಿದ್ದಳು ಅವ್ವ. ಕಡೆಗೆ ಹೋದದ್ದು ಮಾವಿನಕಾಯಿಯ ದಿನಗಳಲ್ಲಿ. ನಮ್ಮನ್ನು ಕಂಡ ನೀಲು ಲಲಿತಾ ಕಾಕುವಿನ ಸೆರಗಿನ ಹಿಂದೆ ಅಡಗಿದಳು. "ದೊಡ್ಡವ್ವ ನೋಡವಾ, ಶೈಲಕ್ಕ ನೋಡವಾ," ಎಂದು ಕಾಕು ಎಷ್ಟು ಪುಸಲಾಯಿಸಿದರೂ ಹೊರಗೆ ಬರಲಿಲ್ಲ. ಅವಳಿಗೆ ನಮ್ಮ ಗುರುತು ಉಳಿದಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. "ಛಲೋ ಆತು ಬಿಡು. ನಮ್ಮನ್ನ ಮರತಾಳ ಅಂದ್ರ ಅಲ್ಲಿ ಸುಖದಾಗ ಇದ್ದಾಳ," ಎಂದಳು. ಘಾಟಿನ ತಿರುವುಗಳಲ್ಲಿ ಅವಳ ಭುಜ ನನಗೆ ತಾಗುತ್ತಿತ್ತು. ಅದು ಅದುರುತ್ತಿದ್ದದ್ದು ಬಸ್ಸಿನಿಂದಲ್ಲ ಅಂತ ನನಗೆ ಗೊತ್ತಾಗುತ್ತಿತ್ತು.

ಈಗ ನೀಲು ಪುಣೆಯ ವಿಮಾನ ನಗರದಲ್ಲಿದ್ದಾಳೆ. ಅವಳ ಮಗನಿಗೆ ಮೊನ್ನೆ ಮೂರು ತುಂಬಿತು. ಉಡುಗೊರೆಗೆಂದು ಅಲ್ಲಿನ ಮಾಲ್‌ಗೆ ಹೋದೆ. ಒಂದು ಗೋಡೆಯ ತುಂಬ ಆಟಿಕೆಗಳು. ಯಾವ ವಯಸ್ಸಿಗೆ ಯಾವುದು, ಅದರಿಂದ ಮಗು ಏನು ಕಲಿಯುತ್ತದೆ ಎಂದು ಡಬ್ಬಿಯ ಮೇಲೇ ಬರೆದಿತ್ತು. ಎಲ್ಲವೂ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ. ಮೂಸಿ ನೋಡುವಂತಿಲ್ಲ, ಗಲ್ಲಕ್ಕೆ ಉಜ್ಜುವಂತಿಲ್ಲ. ನಾನು ಆರಿಸಿದ್ದೋ, ಡಬ್ಬಿ ಆರಿಸಿದ್ದೋ, ಒಂದನ್ನು ಕಟ್ಟಿಸಿಕೊಂಡು ಬಂದೆ.

ಹುಟ್ಟುಹಬ್ಬದ ಸಂಜೆ ಹುಡುಗರ ಗದ್ದಲ ಮುಗಿದು ನೆಂಟರೆಲ್ಲ ಎದ್ದ ಮೇಲೆ ನೀಲುವಿಗೆ ಆ ಕಾಲವನ್ನು ಹೇಳಿದೆ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಲಲಿತಾ ಕಾಕು ಒಳ್ಳೆಯ ತಾಯಿಯಾಗಿ ಅವಳನ್ನು ಬೆಳೆಸಿದ್ದಾಳೆ, ಆ ಮಾತಿಗೆ ಎರಡಿಲ್ಲ. ಆದರೆ ಕೊಂಢವಾದ ಆ ದಿನಗಳಲ್ಲಿ ಒಂದೂ ನೀಲುವಿನ ನೆನಪಿನಲ್ಲಿಲ್ಲ. ಮೂರು ವರ್ಷದ ಕೂಸಿಗೆ ನಾವು ಏನೇ ಕೊಟ್ಟರೂ ಅದು ಮೈಯಲ್ಲಿ ಉಳಿಯುತ್ತದೆ, ಕೊಟ್ಟವರು ಉಳಿಯುವುದಿಲ್ಲ. ನಾವು ಆಡಿದ ಉಸುಕೆಲ್ಲ ಯಾವಾಗಲೋ ಗೋಡೆಗಳಾಗಿ ಹೋಗಿದೆ. ಅವ್ವ ಹೋಗಿಯೂ ವರ್ಷಗಳಾದವು. ಬದುಕಿದ್ದಷ್ಟು ದಿನ ಅವಳು ನೀಲುವಿಗೆ ಇದ್ಯಾವುದನ್ನೂ ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ. ಕೂಸಿನ ಮನಸ್ಸು ಎರಡಾಗಬಾರದು ಅನ್ನುತ್ತಿದ್ದಳು.

ನೀಲು ಎಲ್ಲವನ್ನೂ ಕೇಳಿಸಿಕೊಂಡಳು. ಮಗ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಆಮೇಲೆ ಕೇಳಿದಳು:

"ಶೈಲಕ್ಕ, ನನ್ನ ಹಡದಾಕಿ ಧ್ವನಿ ಹೆಂಗಿತ್ತು?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಚಿಕ್ಕವ್ವನ ಮುಖ ಬಂತು, ಜಡೆ ಬಂತು, ಹಸಿರು ಬಳೆ ಬಂತು. ಧ್ವನಿ ಬರಲಿಲ್ಲ.

"ಗೊತ್ತಿಲ್ಲ ನೀಲು," ಎಂದೆ. "ಅವ್ವನ್ನ ಕೇಳಬೇಕಾಗಿತ್ತು."